ಹೆಗಲು ಹೇಳಿದ ಗುಟ್ಟು

ರಂಗೋಲಿ ಬಿಟ್ಟು ಬೇರೇನೂ ಬರೆದು ಗೊತ್ತಿಲ್ಲದ ನಾನು 48ನೇ ವಯಸ್ಸಿನಲ್ಲಿ ಮನುಷ್ಯರ ಚಿತ್ರ ಬರೆಯಲು ಕುಳಿತೆನೆಂದರೆ ನಿಮಗೆ ನಗು ಬಂದೀತು. ಬರಲಿ ಬಿಡಿ! ಗುರು ನನ್ನ ಮಗಳೇ. ಪೀಣ್ಯದಿಂದ ಮೆಟ್ರೋ ಹತ್ತಿ ಚಿತ್ರಕಲಾ ಪರಿಷತ್ತಿನ ಕಾಲೇಜಿಗೆ ಹೋಗುವವಳು ರಾತ್ರಿ ಪಾತ್ರೆ ತೊಳೆದಾದ ಮೇಲೆ ನನಗೆ ಪಾಠ ಹೇಳುತ್ತಾಳೆ.

"ಅಮ್ಮಾ, ಕಣ್ಣು ಅಷ್ಟು ಮೇಲಲ್ಲ, ತಲೆಯ ಅರ್ಧಕ್ಕೆ ಬರುತ್ತೆ. ಆಳಿನ ಎತ್ತರ ಸುಮಾರು 7½ ತಲೆ." ನಮ್ಮ ಶಿಲ್ಪಿಗಳು ಮುಖದ ಉದ್ದವನ್ನು 'ತಾಲ'ವೆಂದು ಹಿಡಿದು ವಿಗ್ರಹ ಅಳೆಯುತ್ತಾರಂತೆ, ನಾವು ಹೂವನ್ನು ಮೊಳದಲ್ಲಿ ಅಳೆದ ಹಾಗೆ. ಒಂದೇ ಕಾಲಿಗೆ ಭಾರ ಕೊಟ್ಟು ನಿಂತರೆ ಆ ಕಡೆಯ ಸೊಂಟ ಏರುತ್ತದೆ, ಹೆಗಲು ಇಳಿಯುತ್ತದೆ ಎಂದೂ ಕಲಿತೆ.

ಒಂದು ಭಾನುವಾರ ನಮ್ಮವರನ್ನು ನಿಲ್ಲಿಸಿ ಬರೆದೆ. 25 ವರ್ಷ ಲೇತ್ ಮುಂದೆ ನಿಂತವರು. ಎಷ್ಟು ಸಲ ಅಳಿಸಿ ಬರೆದರೂ ಎಡ ಹೆಗಲು ಕೆಳಗೇ!

"ನೆಟ್ಟಗೆ ನಿಂತ್ಕೊಳ್ಳೀಂದ್ರೆ" ಎಂದು ಗದರಿದೆ.

"ಆಗಲ್ಲ ಕಣೇ. ಬಲ ಮಂಡಿ ನೋವು, ಎರಡು ವರ್ಷ ಆಯ್ತು" ಎಂದರು ಮೆಲ್ಲಗೆ.

ದಿನಾ ಎದುರಿಗೇ ಕೂತು ಊಟ ಬಡಿಸುವ ನನಗೆ ಗೊತ್ತೇ ಇರಲಿಲ್ಲ. ಮರುದಿನವೇ ಮೂಳೆ ಡಾಕ್ಟರ ಬಳಿ ಕರೆದೊಯ್ದೆ.

ನೀವೂ ಮನೆಯವರ ಚಿತ್ರ ಬರೆದು ನೋಡಿ. ಸೊಟ್ಟಗೆ ಬಂದರೂ ಚಿಂತೆಯಿಲ್ಲ, ಅವರನ್ನು ಅರ್ಧ ಗಂಟೆ ಕಣ್ತುಂಬ ನೋಡಿದಂತಾಗುತ್ತದೆ.