ಮನೆಗೊಂದು ಬೆಸುಗೆಯ ಯಂತ್ರ

ನಮ್ಮ ಬಡಾವಣೆಯಲ್ಲಿ ಕದ ಸಡಿಲವಾದರೆ ಬಡಗಿ ಸಿಗುತ್ತಾನೆ, ನಲ್ಲಿ ಸೋರಿದರೆ ಪ್ಲಂಬರು ಸಿಗುತ್ತಾನೆ. ಆದರೆ ಕಿಟಕಿಯ ಗ್ರಿಲ್ಲಿನ ಕಂಬಿಯೊಂದು ಬಿಟ್ಟುಕೊಂಡರೆ ಅದನ್ನು ಹಚ್ಚಿಕೊಡುವವನನ್ನು ಹುಡುಕುವುದು ಮಗಳಿಗೆ ವರ ಹುಡುಕಿದಷ್ಟೇ ಪ್ರಯಾಸದ ಕೆಲಸ. ವೆಲ್ಡಿಂಗ್ ಅಂಗಡಿಯವರನ್ನು ಇದಕ್ಕೆ ದೂರುವಂತಿಲ್ಲ. ಎರಡು ಅಂಗುಲದ ಬೆಸುಗೆಗಾಗಿ ಯಂತ್ರವನ್ನೂ ಆಳನ್ನೂ ಆಟೋದಲ್ಲಿ ಹೇರಿಕೊಂಡು ಬಂದರೆ ಅವರಿಗೆ ಗಿಟ್ಟುವುದಾದರೂ ಏನು?

1948ರಲ್ಲಿ ಅಸ್ತಿಭಾರ ಕಂಡ ಜಯನಗರದಲ್ಲಿ ಈಗ ಹಳೆಯ ಮನೆಗಳು ಒಂದೊಂದಾಗಿ ಉರುಳಿ, ಅವುಗಳ ಗೇಟುಗಳು ತೂಕದ ಲೆಕ್ಕದಲ್ಲಿ ಗುಜರಿ ಸೇರುತ್ತಿವೆ. ನಮ್ಮ ತಂದೆಯವರು ಮಾಡಿಸಿದ ಗೇಟು ಇನ್ನೂ ನಿಂತಿದೆ. ಅದರ ಕೆಳಗಿನ ಹಿಂಜು ಬಿರುಕು ಬಿಟ್ಟಾಗ, ಬಂದವರೆಲ್ಲರೂ ‘ತೆಗೆದುಹಾಕಿ ಹೊಸದು ಹಾಕಿಸಿ’ ಎಂದರೇ ಹೊರತು ‘ಸರಿಮಾಡೋಣ’ ಎಂದವರು ಒಬ್ಬರೂ ಇಲ್ಲ. ನಿವೃತ್ತಿ ಹೊಂದಿ ವರ್ಷ ತುಂಬಿದ ನನಗೆ ಆ ಹೊತ್ತಿಗೆ ದಿನಪತ್ರಿಕೆಯನ್ನು ಎರಡೆರಡು ಸಲ ಓದಿಯೂ ಬೆಳಗು ಮುಗಿಯುತ್ತಿರಲಿಲ್ಲ. ನಾನೇ ಬೆಸುಗೆ ಕಲಿತರೆ ಹೇಗೆ ಎಂಬ ಆಸೆ ಹುಟ್ಟಿದ್ದು ಆಗ.

ಆಸೆಯನ್ನು ಊಟದ ಹೊತ್ತಿನಲ್ಲಿ ಮನೆಯವಳ ಮುಂದೆ ಅರಿಕೆ ಮಾಡಿಕೊಂಡೆ. ಆಕೆ ನಗಲಿಲ್ಲ, ಗದರಲೂ ಇಲ್ಲ. ಹುಳಿ ಬಡಿಸುತ್ತಲೇ ಮೂರು ಪ್ರಶ್ನೆ ಕೇಳಿದಳು: “ಅಲ್ಲಾಂದ್ರೆ, ಅದರಲ್ಲಿ ನೀವು ಮಾಡೋ ಕೆಲಸ ಏನು? ಅದನ್ನ ಮನೇಲಿ ಯಾವ ಪ್ಲಗ್ಗಿಗೆ ಹಾಕ್ತೀರಿ? ನಿಮ್ಮ ಕಣ್ಣಿಗೆ ಯಾರು ಹೊಣೆ?”

ಇದನ್ನು ಅಡ್ಡಿಯೆಂದು ಭಾವಿಸುವವರುಂಟು. ಆದರೆ ಆಮೇಲೆ ನಾನು ಎಷ್ಟು ಅಂಗಡಿ ತಿರುಗಿದರೂ, ಮೊದಲ ಯಂತ್ರವನ್ನು ಆರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ದೊರೆಯಲಿಲ್ಲ.

ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಎರಡು ಜಾತಿಯ ಯಂತ್ರಗಳನ್ನು ತೋರಿಸಿದರು. ಒಂದು, ಟ್ರಾನ್ಸ್‌ಫಾರ್ಮರಿನ ಹಳೆಯ ಜಾತಿ: ಕಬ್ಬಿಣದ ತಿರುಳು, ಅದರ ಸುತ್ತ ದಪ್ಪ ತಂತಿಯ ಸುರುಳಿ. ಇಬ್ಬರು ಹಿಡಿದೆತ್ತಬೇಕು, ಆದರೆ ಬೇಗ ಕೆಡದು. ಇನ್ನೊಂದು ಇನ್ವರ್ಟರು. ಮನೆಯ ವಿದ್ಯುತ್ತನ್ನು ಮೊದಲು ನೇರ ಪ್ರವಾಹವಾಗಿಸಿ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕೊಡುವುದರಿಂದ ಅದಕ್ಕೆ ಅಂಗೈಯಗಲದ ಟ್ರಾನ್ಸ್‌ಫಾರ್ಮರು ಸಾಕು. ತೂಕ ನಾಲ್ಕೈದು ಕಿಲೋ. ತರಕಾರಿ ಚೀಲದಂತೆ ಒಂದೇ ಕೈಯಲ್ಲಿ ಹಿಡಿದು ಮಹಡಿ ಹತ್ತಬಹುದು. ಹೊರಬರುವುದು ನೇರ ಪ್ರವಾಹವಾದ್ದರಿಂದ ಕಿಡಿಯ ಕಮಾನು ಹೊಸಬನ ನಡುಗುವ ಕೈಗೂ ಹೆಚ್ಚು ಸುಲಭವಾಗಿ ನಿಲ್ಲುತ್ತದೆ. ಅಂಗಡಿಯ ಹುಡುಗ ಇನ್ವರ್ಟರುಗಳ ಮೇಲಿನ ಅಂಕೆಗಳನ್ನು ಓದುತ್ತಾ ಹೋದ: “ಇದು ಇನ್ನೂರು ಸಾರ್, ಇದು ಇನ್ನೂರೈವತ್ತು. ದೊಡ್ಡದೇ ತಗೊಂಡುಬಿಡಿ, ಮುಂದಕ್ಕೆ ಆಗುತ್ತೆ.”

ಇಲ್ಲಿ ಮೊದಲ ಪ್ರಶ್ನೆ ನೆರವಿಗೆ ಬಂತು. ನಾನು ಮಾಡುವ ಕೆಲಸವೇನು? ಗ್ರಿಲ್ಲಿನ ಪಟ್ಟಿ, ಹೂಕುಂಡದ ಸ್ಟ್ಯಾಂಡು, ಮುರಿದ ಕುರ್ಚಿಯ ಕಾಲು. ಎಲ್ಲವೂ ಮೂರು ಮಿಲಿಮೀಟರಿನ ಆಸುಪಾಸಿನ ಕಬ್ಬಿಣ. ಇದಕ್ಕೆ ಎರಡೂವರೆ ಮಿಲಿಮೀಟರಿನ ರಾಡು ಸಾಕು. ಅಂಗಡಿಯವರ ಬಾಯಲ್ಲಿ ಅದು ಹನ್ನೆರಡು ನಂಬರು. ಅದು ಬೇಡುವುದು 60ರಿಂದ 90 ಆಂಪಿಯರು. ಇನ್ನು 3.15 ಮಿಲಿಮೀಟರಿನ ಹತ್ತು ನಂಬರಿನ ರಾಡು ಹಿಡಿದರೂ 130ಕ್ಕಿಂತ ಮೇಲೆ ಹೋಗಬೇಕಾಗಿಲ್ಲ. ಹೊಸಬರಿಗೆ 6013 ಎಂಬ ಅಂಕೆಯ ರಾಡು ಹಿತ. ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಮೇಲಿನ ಕಿಟ್ಟವೂ ಸುತ್ತಿಗೆಯ ಸಣ್ಣ ಏಟಿಗೆ ಎದ್ದುಬರುತ್ತದೆ.

ಎರಡನೆಯ ಪ್ರಶ್ನೆ ಪ್ಲಗ್ಗಿನದು. 1905ರಲ್ಲಿ ಬೆಂಗಳೂರಿಗೆ ಶಿವನಸಮುದ್ರದಿಂದ ವಿದ್ಯುತ್ತು ಬಂದಾಗ ಬೀದಿಯ ದೀಪ ಉರಿದದ್ದೇ ಅದ್ಭುತವಾಗಿತ್ತಂತೆ. ಈಗ ಒಂದೇ ಮನೆಯಲ್ಲಿ ಗೀಜರು, ಮೈಕ್ರೋವೇವು, ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಓಡುತ್ತವೆ. ಗೋಡೆಯೊಳಗಿನ ತಂತಿ ಮಾತ್ರ ಅನೇಕ ಕಡೆ ಅಪ್ಪನ ಕಾಲದ್ದು. ಲೆಕ್ಕ ಹಾಕಿ ನೋಡಿದೆ. 80 ಆಂಪಿಯರಿನಲ್ಲಿ ಕಮಾನಿನ ಒತ್ತಡ ಸುಮಾರು 23 ವೋಲ್ಟು. ಗುಣಿಸಿದರೆ 1840 ವಾಟು. ಯಂತ್ರದೊಳಗಿನ ನಷ್ಟವನ್ನೂ ಸೇರಿಸಿದರೆ 230 ವೋಲ್ಟಿನ ಗೋಡೆಯಿಂದ ಎಳೆಯುವುದು ಹತ್ತರಿಂದ ಹದಿನಾಲ್ಕು ಆಂಪಿಯರು. ಹದಿನಾರು ಆಂಪಿಯರಿನ ದೊಡ್ಡ ಸಾಕೆಟ್ಟು ಇದನ್ನು ತಾಳುತ್ತದೆ. ಅದೇ ಯಂತ್ರವನ್ನು 200ಕ್ಕೆ ತಿರುಗಿಸಿದರೆ ಮೂವತ್ತಕ್ಕೂ ಮೀರಿ ಎಳೆಯುತ್ತದೆ. ಫ್ಯೂಸು ಹಾರಬೇಕು, ಇಲ್ಲವೇ ತಂತಿ ಬೇಯಬೇಕು. ಹಾಗಿರುವಾಗ ಪೆಟ್ಟಿಗೆಯ ಮೇಲಿನ ಇನ್ನೂರೈವತ್ತು ಯಾರಿಗೆ ಬಂತು?

ಆ ದೊಡ್ಡ ಅಂಕೆಯ ಪಕ್ಕದಲ್ಲಿ ಶೇಕಡಾವಾರು ಅಂಕೆಯೊಂದಿರುತ್ತದೆ, ಅದನ್ನೂ ಓದಬೇಕು. ಶೇಕಡಾ 60 ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ದುಡಿದು ನಾಲ್ಕು ನಿಮಿಷ ಆರಬೇಕು ಎಂದರ್ಥ. ಅದು ಎಷ್ಟು ಆಂಪಿಯರಿಗೆ ಹೇಳಿದ ಮಾತು ಎಂಬುದನ್ನೂ ಕೇಳಿ ತಿಳಿಯಬೇಕು. ಯಂತ್ರ ಕೊಳ್ಳುವ ಮೊದಲೇ ಲೈಸೆನ್ಸುಳ್ಳ ಎಲೆಕ್ಟ್ರೀಷಿಯನ್‌ನನ್ನು ಕರೆಸಿ, ಹೊರಗಿನ ವರಾಂಡಕ್ಕೆ ನಾಲ್ಕು ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿ, ಅರ್ಥಿಂಗು ಪರೀಕ್ಷೆ ಮಾಡಿಸಿದೆ.

ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಜೆ.ಪಿ. ನಗರದ ಕಡೆಯ ಒಂದು ಗ್ರಿಲ್ಲಿನ ಅಂಗಡಿಯಲ್ಲಿ. ಅಲ್ಲಿನ ಮುದುಕ ಮೇಸ್ತ್ರಿಯನ್ನು ಕಲಿಸಿಕೊಡುವಿರಾ ಎಂದು ಕೇಳಿದೆ. ಆತ ಯಂತ್ರದ ಮಾತೇ ಎತ್ತಲಿಲ್ಲ. ತನ್ನ ಕೆಂಪಡರಿದ ಕಣ್ಣುಗಳನ್ನು ತೋರಿಸಿ, “ಹುಡುಗನಾಗಿದ್ದಾಗ ಬರಿಗಣ್ಣಲ್ಲಿ ನೋಡ್ತಿದ್ದೆ ಸ್ವಾಮಿ. ಹಗಲೆಲ್ಲಾ ಏನೂ ಅನ್ನಿಸ್ತಿರ್ಲಿಲ್ಲ. ರಾತ್ರಿ ಮಲಗಿದ ಮೇಲೆ ಕಣ್ಣಿಗೆ ಮರಳು ಹಾಕಿ ಉಜ್ಜಿದ ಹಾಗೆ ಉರಿ” ಎಂದ. ಆ ಬೆಳಕಿನ ನೇರಳಾತೀತ ಕಿರಣಗಳ ಗುಣವೇ ಅಂಥದು. ಸುಟ್ಟದ್ದು ಕೆಲವು ಗಂಟೆಗಳ ಅನಂತರ ತಿಳಿಯುತ್ತದೆ. ಮಾಡುವವನಷ್ಟೇ ಅಲ್ಲ, ಕಾಂಪೌಂಡಿನಾಚೆ ನಿಂತು ‘ಪಟಾಕಿ’ ಎಂದು ನೋಡುವ ಪಕ್ಕದ ಮನೆಯ ಮಗುವೂ ಅದಕ್ಕೆ ಸಿಕ್ಕುತ್ತದೆ.

ಆದುದರಿಂದ ನಾನು ಮೊದಲು ಕೊಂಡದ್ದು ಯಂತ್ರವನ್ನಲ್ಲ. 11ನೆಯ ನಂಬರಿನ ಗಾಜಿನ ಮುಖವಾಡ, ಮೊಣಕೈವರೆಗಿನ ಚರ್ಮದ ಕೈಗವಸು ಮತ್ತು ನೋಡುವವರ ಕಣ್ಣಿಗೆ ಮರೆಯಾಗಲು ಎರಡು ತಗಡಿನ ಹಾಳೆ. ತುಂಬುತೋಳಿನ ಹತ್ತಿಯ ಅಂಗಿ ಮನೆಯಲ್ಲೇ ಇತ್ತು. ಪಾಲಿಯೆಸ್ಟರಾದರೆ ಕಿಡಿ ತಗುಲಿ ಕರಗಿ ಮೈಗೆ ಅಂಟುತ್ತದೆ. ಪಕ್ಕದಲ್ಲೊಂದು ಬಕೆಟ್ಟು ಮರಳು. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಕೆಲಸವಿಲ್ಲ. ಸತುವಿನ ಲೇಪವಿರುವ ಜಿ.ಐ. ಪೈಪನ್ನು ಹಾಗೆಯೇ ಸುಡಬಾರದು. ಆ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ. ಇಷ್ಟಾದ ಮೇಲೆ ಉಳಿದ ಹಣದಲ್ಲಿ, ಹತ್ತು ನಂಬರಿನ ರಾಡನ್ನು ನಿರಾಯಾಸವಾಗಿ ಉರಿಸಬಲ್ಲ, ರಿಪೇರಿಗೆ ಊರಿನಲ್ಲೇ ಜಾಗವಿರುವ ಒಂದು ಸಾಧಾರಣ ಇನ್ವರ್ಟರನ್ನು ತಂದೆ.

ಮೊದಲ ವಾರ ರಾಡು ಕಬ್ಬಿಣಕ್ಕೆ ಅಂಟಿಕೊಳ್ಳುವುದು, ನಾನು ಕಿತ್ತೆಳೆಯುವುದು, ಇಷ್ಟೇ ನಡೆಯಿತು. ಮೂರನೆಯ ವಾರಕ್ಕೆ ಗುಜರಿಯ ಪಟ್ಟಿಗಳ ಮೇಲೆ ನೆಟ್ಟಗಿನ ಗೆರೆ ಮೂಡಿತು. ಹೂಕುಂಡದ ಸ್ಟ್ಯಾಂಡು ಸಿದ್ಧವಾಯಿತು. ಒಂದು ಕಾಲು ತುಸು ಗಿಡ್ಡ, ಅಡಿಗೊಂದು ಹಂಚಿನ ಚೂರು.

ಗೇಟನ್ನು ಮಾತ್ರ ನಾನು ಮುಟ್ಟಲಿಲ್ಲ. ಅದರ ಮೇಲೆ ನಿಂತು ಮೊಮ್ಮಗಳು ಜೋಕಾಲಿಯಾಡುತ್ತಾಳೆ. ಮೇಲೆ ನಯವಾಗಿ ಕಂಡು ಒಳಗೆ ಹಿಡಿಯದ ಬೆಸುಗೆ ಕುಂಡವನ್ನು ಬೀಳಿಸಿದರೆ ಮಣ್ಣು ಚೆಲ್ಲುತ್ತದೆ, ಅಷ್ಟೆ. ಗೇಟು ಬಿದ್ದರೆ ಹಾಗಲ್ಲ. ಮೇಸ್ತ್ರಿಯನ್ನೇ ಕರೆತಂದೆ. ಯಂತ್ರ ನನ್ನದು, ಕೈ ಅವನದು. ಹಳೆಯ ತುಕ್ಕನ್ನು ತಿಕ್ಕಿ ಹೊಳೆಯಿಸುವ ಕೆಲಸ ನನ್ನ ಪಾಲಿಗೆ ಬಂತು. ಕಿಟ್ಟ ಕೊಡವಿ, ಸುತ್ತಿಗೆಯಿಂದ ನಾಲ್ಕು ಏಟು ಹಾಕಿ, ಗೇಟಿಗೆ ಮೈಭಾರ ಬಿಟ್ಟು ತೂಗಿ ನೋಡಿ ಆತ, “ಇನ್ನು ನಿಲ್ಲುತ್ತೆ” ಎಂದ.

ಈಗ ನೆರೆಹೊರೆಯವರು ಕೆಲವರು ಯಂತ್ರವನ್ನು ಎರವಲು ಕೇಳಲು ಬರುತ್ತಾರೆ. ಕೊಡುತ್ತೇನೆ, ಮುಖವಾಡ, ಕೈಗವಸು, ತಗಡಿನ ಹಾಳೆ ಎಲ್ಲವನ್ನೂ ಜೊತೆಗೆ ಒಯ್ಯುವುದಾದರೆ ಮಾತ್ರ. ತಮಗೂ ಇಂಥದೊಂದು ಕೊಳ್ಳುವ ಮನಸ್ಸಾಗಿದ್ದರೆ, ಓದುಗ ಮಹಾಶಯರೇ, ಎಸ್.ಪಿ. ರಸ್ತೆಗೆ ಹೊರಡುವ ಮುನ್ನ ತಮ್ಮ ಮನೆಯ ಸಾಕೆಟ್ಟನ್ನೊಮ್ಮೆ ನೋಡಿ. ಮನೆಯವರ ಪ್ರಶ್ನೆಗಳನ್ನೂ ಒಮ್ಮೆ ಕೇಳಿಸಿಕೊಳ್ಳಿ.