ಪೆಟ್ರೊವಾಟ್ಸ್‌ನ ಅರ್ಧ ಅಂಕ

ಮಾಂಟೆನೆಗ್ರೊ ಅಂದ್ರೆ ರೀಲ್ಸ್‌ನಲ್ಲಿ ಕಾಣೋದು ಕೊಟೊರ್, ಬುದ್ವಾ. ಬುದ್ವಾದಿಂದ ಸ್ವಲ್ಪ ದಕ್ಷಿಣಕ್ಕೆ, ಏಡ್ರಿಯಾಟಿಕ್ ಸಮುದ್ರದ ದಂಡೆಯಲ್ಲಿ ಪೆಟ್ರೊವಾಟ್ಸ್ ಅನ್ನೋ ಪುಟ್ಟ ಊರಿದೆ. ರಾಜಧಾನಿ ಪೊಡ್ಗೊರಿತ್ಸಾದಿಂದ ಸ್ಕಾದರ್ ಸರೋವರ ದಾಟಿ, ಗುಡ್ಡದ ಹಳೇ ರಸ್ತೆಯಲ್ಲಿ ಇಳಿಯುವಾಗ ಇದ್ದಕ್ಕಿದ್ದಂತೆ ಕಡಲು ಕಾಣುತ್ತದೆ. ಕೆಂಪು ಹೆಂಚಿನ ಮನೆಗಳು, ನಸುಗೆಂಪು ಮರಳಿನ ದಂಡೆ, ಅದರ ತುದಿಗೆ ವೆನಿಸ್‌ನವರ ಕಾಲದ ಕೋಟೆ. ಸೀಸನ್ ಅಲ್ಲದ ತಿಂಗಳಲ್ಲಿ ಹೋದರೆ ದಂಡೆಯೆಲ್ಲ ನಿಮ್ಮದೇ.

ನಾನು ಹೋಗಿದ್ದು ಮಾತ್ರ ಚೆಸ್ ನೆಪದಲ್ಲಿ. 2025ರಲ್ಲಿ 20 ವರ್ಷದೊಳಗಿನವರ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್ ನಡೆದದ್ದು ಇಲ್ಲೇ. ಮಾರ್ಚ್ 7, ಹನ್ನೊಂದನೇ ಮತ್ತು ಕೊನೇ ಸುತ್ತು. ಚೆನ್ನೈನ 18ರ ಹುಡುಗ ವಿ. ಪ್ರಣವ್ ಎದುರು ಸ್ಲೊವೇನಿಯಾದ ಮಾಟಿಚ್ ಲಾವ್ರೆನ್ಚಿಚ್. ಗೆದ್ದರೆ ಒಂದು ಅಂಕ, ಡ್ರಾ ಆದರೆ ಅರ್ಧ. ಆಟ ಡ್ರಾ ಆಯ್ತು. ಆ ಅರ್ಧ ಸೇರಿ ಪ್ರಣವ್‌ಗೆ ಒಟ್ಟು 9 ಅಂಕ, ವಿಶ್ವ ಪಟ್ಟವೂ ಅವನದೇ. 1987ರಲ್ಲಿ ಆನಂದ್, 2004ರಲ್ಲಿ ಹರಿಕೃಷ್ಣ, 2008ರಲ್ಲಿ ಅಭಿಜಿತ್ ಗುಪ್ತಾ. ಅದಾದ ಮೇಲೆ 17 ವರ್ಷ ಕಾದು ಸಿಕ್ಕ ಪಟ್ಟ.

ದಂಡೆಯಲ್ಲಿ ಕೂತು ಮೈಸೂರಿಗೆ ವಿಡಿಯೊ ಕಾಲ್ ಮಾಡಿದೆ. ಅಕ್ಕನ ಮಗನಿಗೆ ಹತ್ತು ವರ್ಷ, ಅವನೂ ಟೂರ್ನಿ ಆಡ್ತಾನೆ. ಹಿಂದಿನ ದಿನ ತನಗಿಂತ ಹೆಚ್ಚು ರೇಟಿಂಗ್ ಇರೋ ಹುಡುಗನ ಜೊತೆ ಡ್ರಾ ಮಾಡಿಕೊಂಡಿದ್ದ.

“ಇನ್ನು ಆಡಲ್ಲ ಮಾವ. ಡ್ರಾ ಅಂದ್ರೆ ಅಪ್ಪ ‘ಯಾಕೆ ಗೆಲ್ಲಲಿಲ್ಲ’ ಅಂತಾರೆ.”

ಬುದ್ಧಿ ಹೇಳೋಕೆ ಹೋಗಲಿಲ್ಲ. ಫೋನ್ ತಿರುಗಿಸಿ ಕಡಲಲ್ಲಿರೋ ಎರಡು ಪುಟ್ಟ ದ್ವೀಪ ತೋರಿಸಿದೆ. ಒಂದರ ಮೇಲೆ ಬರೀ ಬಂಡೆ, ಗಿಡಮರ. ಇನ್ನೊಂದರ ಮೇಲೆ ಸಣ್ಣ ಚರ್ಚ್. ಹಡಗು ಒಡೆದಾಗ ಆ ಬಂಡೆ ಹಿಡಿದು ಜೀವ ಉಳಿಸಿಕೊಂಡ ನಾವಿಕ ಕಟ್ಟಿಸಿದ್ದು ಅಂತ ಇಲ್ಲಿಯವರು ಕತೆ ಹೇಳ್ತಾರೆ.

“ಅವನು ಸಮುದ್ರನ ಸೋಲಿಸಿದ್ನಾ?” ಅಂದ.

“ಇಲ್ಲ ಪುಟ್ಟ, ಮುಳುಗಲಿಲ್ಲ ಅಷ್ಟೆ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಪ್ರಣವ್ ಅಣ್ಣನ ಅಪ್ಪ ಬೈದ್ರಾ?” ನಗು ಬಂತು. ಹಿಂದೆ ಕಾಫಿ ಲೋಟ ಹಿಡಿದು ನಿಂತಿದ್ದ ಭಾವನೂ ನಕ್ಕರು, ಆಮೇಲೆ ಮಗನ ಪಕ್ಕ ಬಂದು ಕೂತರು. “ಆ ಡ್ರಾ ಗೇಮ್ ನಂಗೂ ತೋರಿಸೋ” ಅಂದರು.