ಬೀಗಿತ್ತಿಗೊಂದು ಊಟ

ಬಂದವರಿಗೆ ಊಟವಿಕ್ಕುವುದು ಕಷ್ಟದ ಕೆಲಸವೆಂದು ನಮ್ಮ ನಾಡಿನಲ್ಲಿ ಯಾರೂ ಎಣಿಸಿದಂತಿಲ್ಲ. ಹಬ್ಬವಾದರೆ ಹೋಳಿಗೆ, ಬೇಸಗೆಯಾದರೆ ಮಾವಿನ ಸೀಕರಣೆ, ಏನೂ ಇಲ್ಲದ ದಿನ ಬಿಸಿರೊಟ್ಟಿ, ಪುಂಡಿಯ ಪಲ್ಯ, ಶೇಂಗಾ ಹಿಂಡಿ. ಯಾವುದನ್ನು ಬಡಿಸಿದರೂ ಅತಿಥಿಗಳು ತೃಪ್ತರಾಗಿಯೇ ಏಳುತ್ತಾರೆ. ಮೂವತ್ತೆಂಟು ವರುಷ ಹುಡುಗರಿಗೆ ಇತಿಹಾಸವನ್ನು ಕಲಿಸಿ ಈಗ ಮನೆಯಲ್ಲಿ ಕುಳಿತಿರುವ ನಾನು, ಒಂದು ಹೊತ್ತಿನ ಊಟದ ಪಟ್ಟಿಯನ್ನು ಬರೆಯಲು ಹೋಗಿ ಸೋತೆನೆಂದರೆ ವಾಚಕರು ನಕ್ಕಾರು. ಆದರೆ ಸೋತದ್ದು ನಿಜ. ಆ ಸೋಲು ಅಡಿಗೆಯದಲ್ಲವಾದುದರಿಂದಲೇ ಇದನ್ನು ಬರೆಯುತ್ತಿರುವೆನು.

ನನ್ನ ಮಗಳು ಕೆನಡಾದ ಟೊರಾಂಟೊ ನಗರದಲ್ಲಿ ಉದ್ಯೋಗದಲ್ಲಿದ್ದಾಳೆ. ಮೂರು ವರುಷಗಳ ಹಿಂದೆ ಅಲ್ಲಿಯೇ, ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದಲ್ಲಿ ಹುಟ್ಟಿ ಬೆಳೆದವನೊಬ್ಬನನ್ನು ಮದುವೆಯಾದಳು. ಆ ಮದುವೆಗೆ ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ವೀಸಾ ದೊರೆಯಲಿಲ್ಲವೆಂದು ನೆಂಟರಿಗೆಲ್ಲ ಹೇಳಿದೆವು. ನಾವು ಅರ್ಜಿಯನ್ನೇ ಹಾಕಿರಲಿಲ್ಲವೆಂಬುದು ನನಗೂ ನನ್ನ ಹೆಂಡತಿಗೂ ಮಾತ್ರ ಗೊತ್ತಿದ್ದ ಸಂಗತಿ. ಕಳೆದ ಡಿಸೆಂಬರಿನಲ್ಲಿ ಮಗಳು, ಅಳಿಯ, ಅಳಿಯನ ತಾಯಿ ಮೂವರೂ ಕಲಬುರಗಿಗೆ ಬರುವರೆಂದು ತಿಳಿದಾಗ, ಹತ್ತಿರದ ಇಪ್ಪತ್ತು ಮಂದಿ ನೆಂಟರನ್ನು ಕರೆದು, ಬಂದವರ ನಾಡಿನ ಅಡಿಗೆಯನ್ನೇ ಮಾಡಿಸಿ ಬಡಿಸಬೇಕೆಂದು ನಿಶ್ಚಯಿಸಿದೆನು. ನಮ್ಮದು ಮಾಂಸ ಹೊಗದ ಮನೆ. ಆ ಕಟ್ಟಳೆಯೊಳಗೆ ಏನು ಸಾಧ್ಯವೋ ಅದನ್ನು ಹುಡುಕಬೇಕಾಗಿತ್ತು. ಹಳೆಯ ಅಭ್ಯಾಸದಂತೆ ನಾನು ಅಡಿಗೆಯನ್ನೂ ಇತಿಹಾಸದಿಂದಲೇ ಆರಂಭಿಸಿದೆನು.

ಆ ದ್ವೀಪಗಳ ಅಡಿಗೆಯಲ್ಲಿ ಅಲ್ಲಿನ ನೆಲದ್ದು ಸ್ವಲ್ಪ, ಹಡಗಿನಿಂದ ಇಳಿದದ್ದು ಬಹಳ. ಕೊಲಂಬಸನು 1498 ರಲ್ಲಿ ಟ್ರಿನಿಡಾಡನ್ನು ಕಂಡಾಗ ಆ ಭಾಗದ ಮೂಲನಿವಾಸಿಗಳು ಮರಗೆಣಸು, ಗೋವಿನಜೋಳ, ಮೆಣಸಿನಕಾಯಿಗಳನ್ನು ಬಲ್ಲವರಾಗಿದ್ದರು. ನಾವು ನಮ್ಮದೆಂದೇ ನಂಬಿರುವ ಕೆಂಪು ಖಾರವು ಆ ಕಡೆಯ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂದುದು. ಅನಂತರ ಯುರೋಪಿಯನ್ನರು ಅಲ್ಲಿ ಕಬ್ಬಿನ ತೋಟಗಳನ್ನು ಹೂಡಿ, ದುಡಿಮೆಗಾಗಿ ಆಫ್ರಿಕದ ಜನರನ್ನು ಹಿಡಿದು ತಂದು ಗುಲಾಮರನ್ನಾಗಿ ಮಾಡಿದರು. 1797 ರಲ್ಲಿ ಟ್ರಿನಿಡಾಡು ಬ್ರಿಟಿಷರ ವಶವಾಯಿತು. ಅವರ ಪಾರ್ಲಿಮೆಂಟು 1833 ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಕಾಯಿದೆಯನ್ನು ಮಾಡಿತಾದರೂ, ಪೂರ್ಣ ಬಿಡುಗಡೆ ದೊರೆತದ್ದು 1838 ರಲ್ಲಿ. ಆಗ ತೋಟಗಳಿಗೆ ಅಗ್ಗದ ಆಳು ಬೇಕಾಗಿ ಭಾರತದ ಕಡೆಗೆ ಕಣ್ಣು ಬಿದ್ದಿತು. 1845 ರ ಮೇ 30 ರಂದು ‘ಫತೇಲ್ ರಜಾಕ್’ ಎಂಬ ಹಡಗು 200 ಕ್ಕೂ ಮಿಕ್ಕ ಭಾರತೀಯರನ್ನು ಟ್ರಿನಿಡಾಡಿನಲ್ಲಿ ಇಳಿಸಿತು. ಅಂದಿನಿಂದ 1917 ರವರೆಗೆ ಕರಾರಿನ ಕೂಲಿಗಳಾಗಿ ಅಲ್ಲಿಗೆ ಹೋದವರು 1,40,000 ಕ್ಕೂ ಹೆಚ್ಚು. ಅವರಲ್ಲಿ ಬಹುಮಂದಿ ಭೋಜಪುರಿ ಸೀಮೆಯವರು.

ಈ ಕಥೆಯನ್ನೋದಿದಂತೆ ನನ್ನ ಕೆಲಸ ಹಗುರವಾಯಿತೆಂದು ತೋರಿತು. ಹುರಿದ ಜೀರಿಗೆ ಬೆರೆಸಿದ ಬೇಳೆಯ ಪುಡಿಯನ್ನು ಕಣಕದೊಳಗಿಟ್ಟು ಲಟ್ಟಿಸಿ ಬೇಯಿಸುವ ‘ದಾಲ್‌ಪುರಿ’ ಅಲ್ಲಿ ಇಂದಿಗೂ ಇದೆ. ಮೆತ್ತನೆಯ ಎರಡು ‘ಬಾರಾ’ಗಳ ನಡುವೆ ಕಡಲೆಯ ಪಲ್ಯವನ್ನಿಟ್ಟು ಬೀದಿಯಲ್ಲಿ ಮಾರುವ ‘ಡಬಲ್ಸ್’ ಎಂಬ ತಿನಿಸು 1930 ರ ದಶಕದಲ್ಲಿ ಹುಟ್ಟಿತು. ಕಾದ ಎಣ್ಣೆಯಲ್ಲಿ ಜೀರಿಗೆ ಬೆಳ್ಳುಳ್ಳಿಗಳನ್ನು ಸಿಡಿಸಿ ಬೇಳೆಗೆ ಸುರಿಯುವುದಕ್ಕೆ ಅವರು ‘ಚುಂಕೆ’ ಎನ್ನುತ್ತಾರೆ. ನಮ್ಮ ಒಗ್ಗರಣೆಯೇ ಅದು. ಕೊತ್ತಂಬರಿಯ ಪರಿಮಳವುಳ್ಳ ಅಲ್ಲಿನದೇ ಒಂದು ಸೊಪ್ಪಿಗೆ, ಊರು ಬಿಟ್ಟು ಹೋದ ಕೂಲಿಗಳು ಕಾಡುಕೊತ್ತಂಬರಿ ಎಂಬರ್ಥದಲ್ಲಿ ‘ಬನ್‌ಧನಿಯಾ’ ಎಂದು ಹೆಸರಿಟ್ಟುಕೊಂಡರು. ಇದನ್ನು ಓದುವಾಗ ನನ್ನ ಕಣ್ಣು ತೇವವಾಯಿತೆಂದರೆ ಸುಳ್ಳಲ್ಲ. ದಾಲ್‌ಪುರಿ, ಡಬಲ್ಸ್, ಬದನೆಯ ಚೋಖಾ, ಚುಂಕೆ ಕೊಟ್ಟ ಬೇಳೆ, ಅಕ್ಕಿಯ ಪಾಯಸ ಎಂದು ಪಟ್ಟಿಯನ್ನು ಬರೆದು ಮುಗಿಸಿದೆನು. “ನಮ್ಮ ಅಳಿಯನ ಹಿರಿಯರು ಮೂಲತಃ ನಮ್ಮ ದೇಶದವರೇ” ಎಂದು ನೆಂಟರಿಗೆ ಹೇಳುತ್ತ ನಡೆದೆನು. ಅವರ ಮುಖಗಳು ತುಸು ಸಡಿಲವಾದುದನ್ನು ಕಂಡು ನನಗೂ ನೆಮ್ಮದಿಯಾಯಿತು.

ಪಟ್ಟಿಯನ್ನು ಮಗಳಿಗೆ ಕಳುಹಿಸಿದೆನು. ಆ ರಾತ್ರಿ ದೂರವಾಣಿಯಲ್ಲಿ ಅವಳ ಧ್ವನಿ ಮೆಲ್ಲಗಿತ್ತು.

“ಅಪ್ಪಾ, ಪಟ್ಟಿ ಛಲೋ ಅದ. ಆದ್ರ ಇದೆಲ್ಲಾ ನಮ್ಮ ಮಾವನವರ ಊಟ. ಅವರು ಹೋಗಿ ಒಂಬತ್ತು ವರ್ಷಾತು. ಬರೋರು ನಮ್ಮ ಅತ್ತಿಯವರು. ಅವರ ಊಟ ಎಲ್ಲದ?”

ನಾನು ಉತ್ತರ ಕೊಡಲಾರದೆ ಹೋದೆನು. ಅಳಿಯನ ತಂದೆಯ ವಂಶದವರು ಕಲ್ಕತ್ತೆಯ ಹಡಗನ್ನೇರಿ ಹೋದವರು. ತಾಯಿ ಟ್ರಿನಿಡಾಡಿನೊಡನೆ ಒಂದೇ ದೇಶವಾಗಿರುವ ಟೊಬೇಗೊ ದ್ವೀಪದವರು, ಆಫ್ರಿಕದ ಸಂತತಿಯವರು. ಇದು ನನಗೆ ಮೂರು ವರುಷದಿಂದ ತಿಳಿದಿತ್ತು. ನೆಂಟರಿಗೆ ಹೇಳುವಾಗ ಮಾತ್ರ ಅರ್ಧವನ್ನು ಹೇಳಿ ಅರ್ಧವನ್ನು ನುಂಗುತ್ತಿದ್ದೆನು. ಆ ನುಂಗಿದ ಅರ್ಧವೇ ಈಗ ಪಟ್ಟಿಯಿಂದಲೂ ಜಾರಿಹೋಗಿತ್ತು. ತೀರಿಹೋದ ಬೀಗರಿಗೆ ಐದು ಭಕ್ಷ್ಯಗಳನ್ನು ಬರೆದಿದ್ದೆನು. ನಡೆದು ಬಾಗಿಲಿಗೆ ಬರುವ ಬೀಗಿತ್ತಿಗೆ ಒಂದು ಬಟ್ಟಲೂ ಇರಲಿಲ್ಲ. ಪಂಕ್ತಿಯಲ್ಲಿ ಯಾರನ್ನು ಕೂಡಿಸಬೇಕು, ಯಾರನ್ನು ಬಿಡಬೇಕು ಎಂಬ ನಮ್ಮ ಹಳೆಯ ಲೆಕ್ಕವನ್ನು ನಾನು ಎಲೆ ಹಾಸುವುದಕ್ಕೆ ಮೊದಲೇ, ಕಾಗದದ ಮೇಲೆಯೇ, ಮಾಡಿ ಮುಗಿಸಿದ್ದೆನು. ತರಗತಿಯಲ್ಲಿ ಗುಲಾಮಗಿರಿಯ ಪಾಠವನ್ನು ಎಷ್ಟು ಆವೇಶದಿಂದ ಹೇಳುತ್ತಿದ್ದೆನೆಂಬುದು ನೆನಪಾಗಿ ನಾಚಿಕೆಯಾಯಿತು.

ಮರುದಿನ ಹೊಸ ಪಟ್ಟಿಯನ್ನು ಬರೆಯಲು ಕುಳಿತೆನು. ಗುಲಾಮರಾಗಿ ತಂದವರಿಗೆ ಉಪ್ಪು ಹಾಕಿದ ಮೀನು, ಅಳೆದುಕೊಟ್ಟ ಹಿಟ್ಟು, ಇಂಥವೇ ಆಹಾರ. ಅನೇಕ ದ್ವೀಪಗಳಲ್ಲಿ ತೋಟದ ಅಂಚಿನ ಒಡ್ಡುನೆಲವನ್ನು ಅವರಿಗೆ ಬಿಟ್ಟು, ನಿಮ್ಮ ಹೊಟ್ಟೆಗೆ ನೀವೇ ಬೆಳೆದುಕೊಳ್ಳಿರೆಂದು ಹೇಳುತ್ತಿದ್ದರು. ಬಿಡುವು ಸಿಕ್ಕ ಹೊತ್ತಿನಲ್ಲಿ ಅವರು ಅಲ್ಲಿ ಗೆಣಸು, ಬೆಂಡೆ, ಕಾಳುಗಳನ್ನು ಬೆಳೆದರು. ಆ ಬೆಳೆಯಿಂದ ಹುಟ್ಟಿದ ಅಡಿಗೆಯಲ್ಲಿ ಮುಖ್ಯವಾದದ್ದು ‘ಕಲಲೂ’. ಕೆಸುವಿನ ಎಲೆ, ಬೆಂಡೆಕಾಯಿ, ಕುಂಬಳ, ತೆಂಗಿನ ಹಾಲುಗಳನ್ನು ಕೂಡಿಸಿ ಬೇಯಿಸಿ, ಕಡೆಗೋಲಿನಂಥ ಕೋಲಿನಿಂದ ಕಡೆದು ಮಾಡುವ ಹಸಿರು ಸಾರು ಅದು. ಬೇಯುವಾಗ ಅಲ್ಲಿನ ಉರಿಖಾರದ ಮೆಣಸಿನಕಾಯಿಯೊಂದನ್ನು ಇಡಿಯಾಗಿ ತೇಲಿಬಿಡುತ್ತಾರೆ. ಕಾಯಿ ಒಡೆಯದಿದ್ದರೆ ಪರಿಮಳ ಮಾತ್ರ ಇಳಿಯುತ್ತದೆ. ಒಡೆದರೆ ಇಡೀ ಪಾತ್ರೆ ಬಾಯಿಗಿಡಲಾಗದು. ಭಾನುವಾರದ ಊಟಕ್ಕೆ ಇದೇ ವಿಶೇಷ. ಏಡಿಯನ್ನೋ ಉಪ್ಪಿನ ಮಾಂಸವನ್ನೋ ಹಾಕುವುದುಂಟಾದರೂ, ಅವಿಲ್ಲದೆಯೂ ಆಗುತ್ತದೆಂದು ಮಗಳು ಹೇಳಿದಳು. ಕೆಸುವಿನ ಎಲೆ ನಮ್ಮ ಸಂತೆಯಲ್ಲಿ ಆಗ ದೊರೆಯಲಿಲ್ಲ. ಜಮೈಕದಲ್ಲಿ ಕಲಲೂ ಎಂದರೆ ನಮ್ಮ ರಾಜಗಿರಿಯ ಜಾತಿಯ ಸೊಪ್ಪೇ ಆದುದರಿಂದ ರಾಜಗಿರಿಯನ್ನೇ ತರಿಸಿದೆವು.

ಕಲಲೂವಿನ ಜೊತೆಗೆ ‘ಕೂಕೂ’. ಬೆಂಡೆಕಾಯಿ ಬೆಂದ ನೀರಿನಲ್ಲಿ ಗೋವಿನಜೋಳದ ಹಿಟ್ಟನ್ನು ಬಿಟ್ಟು, ಚಪ್ಪಟೆಯ ಮರದ ಕೋಲಿನಿಂದ ತಿರುವಿ ತಿರುವಿ ಮುದ್ದೆಗಟ್ಟಿಸುವುದು. ಬಾರ್ಬಡೋಸಿನಲ್ಲಿ ಹಾರುಮೀನಿನೊಡನೆ ಅದು ರಾಷ್ಟ್ರದ ಭೋಜನವೆನಿಸಿದೆ. ನನ್ನ ಹೆಂಡತಿ ಎರಡು ಸಲ ಮಾಡಿ ನೋಡಿದಳು; ಎರಡು ಸಲವೂ ಗಂಟಾಯಿತು. ಎಂಬತ್ತಾರು ವರುಷದ ನನ್ನ ತಾಯಿ ಇಷ್ಟು ದಿನವೂ ಈ ಸಿದ್ಧತೆಯಲ್ಲಿ ಒಂದು ಮಾತನ್ನೂ ಆಡದೆ ಮೂಲೆಯಲ್ಲಿ ಕುಳಿತಿದ್ದಳು. ಮೊಮ್ಮಗಳ ಮದುವೆಯನ್ನು ಆಕೆ ಮದುವೆಯೆಂದು ಒಪ್ಪಿರಲಿಲ್ಲ. ಆದರೆ ಆಕೆ ಬಳ್ಳಾರಿಯ ಕಡೆಯ ಹೆಣ್ಣು. ಮುದ್ದೆ ಗಂಟಾಗುವುದನ್ನು ನೋಡಿ ಸುಮ್ಮನಿರುವುದು ಆಕೆಯಿಂದಾಗಲಿಲ್ಲ. “ಕೊಡಿಲ್ಲೆ ಆ ಕೋಲು” ಎಂದು ಎದ್ದು ಬಂದಳು.

ಉಳಿದ ಪಟ್ಟಿಯನ್ನು ಆಕೆಗೆ ಓದಿ ಹೇಳಿದೆನು. ಸಕ್ಕರೆಯನ್ನು ಕೆಂಪಾಗಿ ಕರಗಿಸಿ, ಅದರ ಬಣ್ಣದಲ್ಲಿ ಅಕ್ಕಿ, ತೆಂಗಿನ ಹಾಲು, ಹಸಿ ತೊಗರಿಕಾಳುಗಳನ್ನು ಬೇಯಿಸುವ ‘ಪೆಲಾವ್’; ಕುಡಿಯಲಿಕ್ಕೆ, ಪುಂಡಿಯ ಕೆಂಪು ಕಾಯಿದಳಗಳನ್ನು ಶುಂಠಿ ಲವಂಗಗಳೊಡನೆ ನೆನೆಯಿಟ್ಟು ಕ್ರಿಸ್‌ಮಸ್ಸಿಗೆ ಮಾಡುವ ‘ಸಾರಲ್’ ಎಂಬ ಪಾನಕ. ನಾವು ಎಲೆಯನ್ನು ತಿನ್ನುತ್ತೇವೆ, ಅವರು ಹೂವಿನ ಬುಡವನ್ನು ಕುಡಿಯುತ್ತಾರೆ; ಗಿಡ ಒಂದೇ ಕುಲದ್ದು.

“ಅವರೂ ತೊಗರಿ ಉಣ್ತಾರೇನು?” ಎಂದು ತಾಯಿ ಕೇಳಿದಳು.

“ಉಣ್ತಾರವ್ವಾ.”

“ಯಾರು ಒಯ್ದರು ಅಲ್ಲಿಗೆ?”

ತೊಗರಿ ನಮ್ಮ ದೇಶದ ಬೆಳೆ. ಇಲ್ಲಿಂದ ಆಫ್ರಿಕಕ್ಕೆ ಹೋಯಿತು. ಅಲ್ಲಿಂದ, ಜನರನ್ನು ಸಂಕೋಲೆಯಲ್ಲಿಟ್ಟು ಸಾಗಿಸಿದ ವ್ಯಾಪಾರದ ದಾರಿಯಲ್ಲಿಯೇ, ಕಡಲಾಚೆಗೆ ಹೋಯಿತು. ಆದುದರಿಂದಲೇ ಕೆಲವೆಡೆ ಅದಕ್ಕೆ ಕಾಂಗೋ ಕಾಳು ಎಂಬ ಹೆಸರುಂಟು ಎಂದೆನು. ಆಕೆ ಬಹಳ ಹೊತ್ತು ಸುಮ್ಮನಿದ್ದಳು.

“ಮಂದೀಗಿ ಸಂಕಲಿ ಹಾಕಿದವರು ಕಾಳು ಯಾಕ ಒಯ್ದರು?”

“ಅವರು ಸತ್ತರ ಇವರಿಗೆ ಲುಕ್ಸಾನಲ್ಲವ್ವಾ.”

ಆಕೆ ಮತ್ತೇನೂ ಕೇಳಲಿಲ್ಲ. ಮರುದಿನ ಹೊಲದಿಂದ ಹಸಿ ತೊಗರಿಕಾಯಿಯನ್ನು ತರಿಸಲು ತಾನೇ ಆಳನ್ನು ಕಳುಹಿಸಿದಳು.

ಹಳೆಯ ಪಟ್ಟಿಯನ್ನು ನಾನು ಹರಿಯಲಿಲ್ಲ. ದಾಲ್‌ಪುರಿಯನ್ನೂ ಚೋಖಾವನ್ನೂ ಉಳಿಸಿಕೊಂಡು ಕಲಲೂ, ಕೂಕೂ, ಪೆಲಾವ್, ಸಾರಲ್‌ಗಳನ್ನು ಸೇರಿಸಿದೆನು. ಆ ದ್ವೀಪದ ಮನೆಗಳಲ್ಲಿ ಇವೆರಡೂ ಒಂದೇ ಮೇಜಿಗೆ ಬರುತ್ತವೆಂದು ಅಳಿಯನು ಹೇಳಿದನು. ಅವನೇ ಅದಕ್ಕೆ ಸಾಕ್ಷಿ.

ಊಟದ ದಿನ ಬೆಳಿಗ್ಗೆ ಅಂಗಳದಲ್ಲಿ ತಾಯಿ ತೊಗರಿಕಾಯಿಯ ರಾಶಿಯ ಮುಂದೆ ಕುಳಿತಿದ್ದಳು. ಬೀಗಿತ್ತಿಯವರು ಒಳಗಿನಿಂದ ಬಂದರು. ರಾಶಿಯನ್ನು ಕಂಡು ನಿಂತರು. ಯಾರೂ ಕರೆಯದೆಯೇ ಎದುರಿಗೆ ಕುಳಿತು ಬಿಡಿಸತೊಡಗಿದರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಒಂದು ಗಂಟೆಯ ಹೊತ್ತು ಕಾಯಿ ಸೀಳುವ ಸಪ್ಪಳ ಮಾತ್ರ ಕೇಳುತ್ತಿತ್ತು.

ಇಪ್ಪತ್ತು ಮಂದಿಯಲ್ಲಿ ಹದಿನಾಲ್ಕು ಮಂದಿ ಬಂದರು. ಎಲೆಗಳ ಮುಂದೆ ನಿಂತು, ಯಾವ ಭಕ್ಷ್ಯ ಯಾವ ಹಿರಿಯರದೆಂದು ಈ ಸಲ ಏನನ್ನೂ ನುಂಗದೆ ಹೇಳಿದೆನು. ವೀಸಾದ ವಿಷಯವನ್ನು ಮಾತ್ರ ಬೀಗಿತ್ತಿಯವರಿಗೆ ಇಂದಿಗೂ ಹೇಳಿಲ್ಲ. ಮಗಳಿಗೆ ಮೊದಲಿನಿಂದಲೂ ಗೊತ್ತಿದ್ದಿರಬೇಕೆಂದು ಈಗ ನನಗೆ ತೋರುತ್ತದೆ.

ಆ ರಾತ್ರಿ ಹಾಸಿಗೆಯ ಮೇಲೆ ಕುಳಿತು ತಾಯಿ ಅಂದಳು: “ಆಕಿ ಕೈ ನೋಡಿದೇನು? ಕಾಯಿ ಬಿಡಸೂದು ಹೊಸದಾಗಿ ಕಲಿತ ಕೈ ಅಲ್ಲ ಅದು. ನಾಳಿಗಿ ರೊಟ್ಟಿ ಮಾಡಸು. ನಮ್ಮದೂ ಉಣ್ಣಲಿ.”